ಒಂದೇ ಭಂಗಿಯಲ್ಲಿ ತುಂಬಾ ಹೊತ್ತು ಆರಾಮಾಗಿ ಇದ್ದು ಸ್ಟ್ರೆಚ್ ಮಾಡಿದರೆ ಮೈ ನಿಜಕ್ಕೂ ಸಡಿಲವಾಗುತ್ತದೆಯೇ?

ಖಂಡಿತ ಆಗುತ್ತದೆ, ಬಲವಂತ ಮಾಡದಿದ್ದರೆ. ಸ್ನಾಯುವನ್ನು ಗಬಕ್ಕನೆ ಎಳೆದರೆ ಅದರೊಳಗಿನ ಸಂವೇದಕಗಳು ಎಚ್ಚೆತ್ತು ಅದನ್ನು ಇನ್ನಷ್ಟು ಬಿಗಿಯುತ್ತವೆ. ನಿಧಾನವಾಗಿ ಎಳೆದು ಅಲ್ಲೇ ಉಳಿದರೆ ಈ ಪ್ರತಿರೋಧ ತಗ್ಗುತ್ತದೆ. ಮೊದಲ ಕೆಲವು ವಾರಗಳಲ್ಲಿ ಕಾಣುವ ಸುಧಾರಣೆಗೆ ಮುಖ್ಯ ಕಾರಣ, ನರಮಂಡಲ ಆ ಎಳೆತವನ್ನು ಸಹಿಸಲು ಕಲಿಯುವುದು. ಸ್ನಾಯು ಅಷ್ಟು ಬೇಗ ಉದ್ದವಾಗುವುದಿಲ್ಲ.

ತೊಡೆಯ ಹಿಂಭಾಗ ಬಿಗಿ ಇರುವವರಿಗೆ ನನ್ನ ಸಲಹೆ: ಬಾಗಿಲ ಪಕ್ಕ ಅಂಗಾತ ಮಲಗಿ, ಒಂದು ಕಾಲನ್ನು ಮೇಲೆತ್ತಿ ಗೋಡೆಗೆ ಒರಗಿಸಿ, ಇನ್ನೊಂದನ್ನು ಬಾಗಿಲಾಚೆ ನೆಲದ ಮೇಲೆ ಚಾಚಿ. ಮಂಡಿ ತುಸು ಮಡಿಚಿದ್ದರೂ ಪರವಾಗಿಲ್ಲ, ಸೊಂಟ ಮಾತ್ರ ನೆಲ ಬಿಡಬಾರದು. 2–3 ನಿಮಿಷ ಹಾಗೇ ಇರಿ, ಉಸಿರನ್ನು ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ದವಡೆ ಬಿಗಿಯಾಯಿತೇ, ಉಸಿರು ಕಟ್ಟಿತೇ? ಅತಿಯಾಯಿತು ಎಂದರ್ಥ, ಗೋಡೆಯಿಂದ ಸ್ವಲ್ಪ ಹಿಂದೆ ಸರಿಯಿರಿ.

ವಾರಕ್ಕೊಮ್ಮೆ ಗಂಟೆಗಟ್ಟಲೆ ಮಾಡುವ ಬದಲು ದಿನಾ 10 ನಿಮಿಷ ಮಾಡಿ. ಓಟ, ಜಿಗಿತಕ್ಕೆ ಮುಂಚೆ ಬೇಡ: ಒಂದೇ ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಎಳೆದಿಟ್ಟರೆ ಅದರ ಬಲ ಕೆಲಹೊತ್ತು ಸ್ವಲ್ಪ ಕುಗ್ಗುತ್ತದೆ. ಕಾಲು ಜುಮ್ಮೆಂದರೆ, ಕೀಲಿನಲ್ಲಿ ಚುಚ್ಚಿದಂತಾದರೆ ತಕ್ಷಣ ನಿಲ್ಲಿಸಿ.