ಸ್ಮಾರ್ಟ್ ಬೋರ್ಡ್ ಬಂತು, ಇನ್ನು ಸೆಲ್ಲು-ಬಲ್ಬು ಬೀರುವಿಗೆ ಸೇರಿಸೋದಾ?

ಮೇಡಂ, ನಿಮ್ಮ ಪತ್ರ ಓದಿದೆ. ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ, ಹತ್ತನೇ ತರಗತಿಯ ವಿದ್ಯುತ್ ಪಾಠವನ್ನು ಫೆಟ್ (PhET) ಅನ್ನೋ, ಪರದೆಯ ಮೇಲೆ ಪ್ರಯೋಗ ಮಾಡಿ ನೋಡುವ ಸಿಮ್ಯುಲೇಷನ್‌ನಲ್ಲೇ ಮುಗಿಸಿ, ಲ್ಯಾಬಿನ ತಾಪತ್ರಯ ಯಾಕೆ ಅಂತ ಹೆಡ್‌ಮಾಸ್ಟರು ಹೇಳುತ್ತಿದ್ದಾರೆ, ಆದರೆ ಮಕ್ಕಳು ಕಲಿಯುತ್ತಿದ್ದಾರೋ ಗೇಮ್ ಆಡುತ್ತಿದ್ದಾರೋ ಗೊತ್ತಾಗುತ್ತಿಲ್ಲ ಅಂತ ಬರೆದಿದ್ದೀರಿ. ಆಡುತ್ತಲೇ ಇರುತ್ತಾರೆ, ನೀವು ಮೊದಲು ಒಂದು ಪ್ರಶ್ನೆ ಕೇಳದಿದ್ದರೆ.

ಫೆಟ್ ಬಗ್ಗೆ ಅನುಮಾನ ಬೇಡ. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಅದು. ದುಡ್ಡು ಕೊಡಬೇಕಿಲ್ಲ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಕೆಲವು ಕನ್ನಡದಲ್ಲೂ ಇವೆ. 2005ರಲ್ಲಿ ಅಲ್ಲಿಯವರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಪರದೆಯ ಮೇಲೆ ಸರ್ಕ್ಯೂಟ್ ಕಲಿತವರು ನಿಜವಾದ ಸರ್ಕ್ಯೂಟ್ ಜೋಡಿಸಿ ವಿವರಿಸುವುದರಲ್ಲೂ, ಲ್ಯಾಬಿನಲ್ಲಿ ಕಲಿತವರಿಗಿಂತ ಮುಂದಿದ್ದರು. ನಿಮ್ಮ ಹೆಡ್‌ಮಾಸ್ಟರು ಇದನ್ನು ಓದಿದರೆ ಕುಣಿದಾಡಬಹುದು! ಆದರೆ ಆ ಅಧ್ಯಯನದಲ್ಲಿದ್ದವರು ಕಾಲೇಜು ವಿದ್ಯಾರ್ಥಿಗಳು, ಏನು ಮಾಡಬೇಕು ಅಂತ ಅವರ ಕೈಯಲ್ಲಿ ಪ್ರಶ್ನೆಗಳಿದ್ದವು. ಸುಮ್ನೆ ಬಿಟ್ಟಿರಲಿಲ್ಲ.

ನೀವು ಹೀಗೆ ಮಾಡಿ ನೋಡಿ. ಪರದೆಯಲ್ಲಿ ಒಂದು ಬ್ಯಾಟರಿ, ಒಂದೇ ಥರದ ಎರಡು ಬಲ್ಬು, ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು. ಸ್ವಿಚ್ ತೆರೆದೇ ಇರಲಿ. ಯಾವ ಬಲ್ಬು ಜಾಸ್ತಿ ಉರಿಯುತ್ತದೆ ಅಂತ ಕೇಳಿ, ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಪ್ಲಸ್ ಕಡೆಯದು ಅನ್ನುವವರು ಇದ್ದೇ ಇರುತ್ತಾರೆ, ಮೊದಲ ಬಲ್ಬು ಕರೆಂಟನ್ನು ಒಂದಿಷ್ಟು ತಿಂದುಬಿಡುತ್ತದೆ ಅನ್ನೋದು ಅವರ ಲೆಕ್ಕ. ಈಗ ಸ್ವಿಚ್ ಒತ್ತಿ. ಎರಡೂ ಒಂದೇ ಸಮ. ಬಲ್ಬಿನ ಆಚೆ ಈಚೆ ಕರೆಂಟು ಅಳೆಯುವ ಅಮ್ಮೀಟರ್ ಇಟ್ಟರೂ ಒಂದೇ ಅಂಕಿ. ಬರೆದು ತಪ್ಪಿದವನೇ ಆಗ "ಯಾಕೆ ಮೇಡಂ?" ಅನ್ನುವುದು. ಬರೆಯದೆ ನೋಡಿದವನು ತನಗೆ ಮೊದಲೇ ಗೊತ್ತಿತ್ತು ಅಂದುಕೊಳ್ಳುತ್ತಾನೆ, ಅಲ್ವಾ?

ಬ್ಯಾಟರಿಯನ್ನು ಶಾರ್ಟ್ ಮಾಡಿ ಬೆಂಕಿ ಎಬ್ಬಿಸುವ ಹುಡುಗರೂ ಸಿಗುತ್ತಾರೆ. ಬಿಡಿ, ಅಲ್ಲಿ ಸುಡುವುದು ಪರದೆಯ ಬ್ಯಾಟರಿ ಮಾತ್ರ.

ಹಾಗಂತ ಸೆಲ್ಲು-ಬಲ್ಬನ್ನು ಬೀರುವಿಗೆ ಸೇರಿಸಬೇಡಿ. ಪರದೆಯಲ್ಲಿ ತಂತಿ ಸಡಿಲವಾಗುವುದಿಲ್ಲ, ಹೋಲ್ಡರಿಗೆ ತುಕ್ಕು ಹಿಡಿಯುವುದಿಲ್ಲ. ನಿಜವಾದ ಬಲ್ಬು ಉರಿಯದಿದ್ದಾಗ ತಂತಿಯ ತುದಿ ಕೆರೆದು, ಸೆಲ್ಲು ಬದಲಿಸಿ, ಎಲ್ಲಿ ಕಡಿದಿದೆ ಅಂತ ಒಂದೊಂದಾಗಿ ಹುಡುಕುತ್ತಾರಲ್ಲ, ನನ್ನ ಪ್ರಕಾರ ಆ ಹತ್ತು ನಿಮಿಷವೂ ವಿಜ್ಞಾನದ ಪಾಠವೇ. ಪರದೆ ತಪ್ಪು ಚಿತ್ರವನ್ನೂ ಕೊಡಬಹುದು. ಎಲೆಕ್ಟ್ರಾನುಗಳು ಅಂತ ಅಲ್ಲಿ ತೋರಿಸುವ ನೀಲಿ ಉಂಡೆಗಳು ಸಾಲಾಗಿ ಓಡುವುದನ್ನು ನೋಡಿದ ಮಗು, ತಂತಿ ಖಾಲಿ ಪೈಪು, ಎಲೆಕ್ಟ್ರಾನುಗಳು ಬ್ಯಾಟರಿಯಿಂದ ಹೊರಟು ಬಲ್ಬು ಮುಟ್ಟಿದ ಮೇಲೆ ಬೆಳಕು ಅಂದುಕೊಳ್ಳಬಹುದು. ಎಲೆಕ್ಟ್ರಾನುಗಳು ತಂತಿಯ ತುಂಬ ಮೊದಲೇ ಇರುತ್ತವೆ, ಸ್ವಿಚ್ ಹಾಕಿದಾಗ ಎಲ್ಲಾ ಕಡೆ ಹೆಚ್ಚುಕಡಿಮೆ ಒಟ್ಟಿಗೇ ಸರಿಯತೊಡಗುತ್ತವೆ, ಅದೂ ಸಾಮಾನ್ಯವಾಗಿ ಸೆಕೆಂಡಿಗೆ 1 ಮಿಲಿಮೀಟರಿಗಿಂತ ನಿಧಾನವಾಗಿ. ಇದನ್ನು ಬಾಯಿಬಿಟ್ಟು ಹೇಳಬೇಕಾದವರು ನೀವೇ.

ಮೊಬೈಲಿನಲ್ಲಿ ಹೋಂವರ್ಕ್ ಕೊಡಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಎಷ್ಟೋ ಮನೆಗಳಲ್ಲಿ ಇರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿರುತ್ತದೆ. ಪರದೆಯ ಕೆಲಸವೆಲ್ಲ ಪೀರಿಯಡ್ಡಿನಲ್ಲೇ ಮುಗಿಯಲಿ.

- ಸಂ.