ಟ್ರಾಫಿಕ್ಕಲ್ಲಿ ಮಾತ್ರ ಬಿಸಿ ಆಗೋ ಡಿಸೈರ್

ಪ್ರಶ್ನೆ: ನಂದು 2011ರ ಪೆಟ್ರೋಲ್ ಡಿಸೈರ್ ಕಾರು, 1.6 ಲಕ್ಷ ಕಿಮೀ ಆಗಿದೆ. ಹೈವೇಲಿ ಆರಾಮಾಗಿ ಓಡತ್ತೆ, ಟ್ರಾಫಿಕ್ಕಲ್ಲಿ ನಿಂತ್ರೆ ಎಂಜಿನ್ ಸಿಕ್ಕಾಪಟ್ಟೆ ಬಿಸಿ. ಗ್ಯಾರೇಜಿನವ್ರು ಎಂಜಿನ್ನೇ ಬಿಚ್ಚಬೇಕು ಅಂತಾರೆ, ಅಷ್ಟು ದುಡ್ಡಿಲ್ಲ. ಮಾರಿಬಿಡ್ಲಾ ಸಾರ್?
– ಓದುಗರು, ತುಮಕೂರು

ಉತ್ತರ: ತಡೀರಿ, ಈಗ್ಲೇ ಬಿಚ್ಚಿಸೋಕೆ ಹೋಗ್ಬೇಡಿ. ಗಾಡಿ ಓಡ್ತಿರುವಾಗ ಎದುರುಗಾಳಿನೇ ರೇಡಿಯೇಟರ್ (ಎಂಜಿನ್ ಬಿಸಿ ಹೊರಹಾಕೋ ಜಾಲರಿ) ತಣ್ಣಗಿಡತ್ತೆ, ನಿಂತಾಗ ಆ ಕೆಲಸ ಫ್ಯಾನ್ ಮಾಡ್ಬೇಕು, ಹಂಗಾಗಿ ಮೊದಲ ಅನುಮಾನ ಫ್ಯಾನ್ ಮೋಟರ್, ರಿಲೇ (ಫ್ಯಾನಿಗೆ ಕರೆಂಟ್ ಕೊಡೋ ಸ್ವಿಚ್ಚು), ಫ್ಯೂಸ್ ಮೇಲೇನೇ, ಆಮೇಲೆ ಧೂಳು ಕಟ್ಟಿರೋ ರೇಡಿಯೇಟರ್, ಕಮ್ಮಿಯಾಗಿರೋ ಕೂಲಂಟ್, ಅಂದ್ರೆ ಎಂಜಿನ್ ತಣಿಸೋ ದ್ರವ (ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೀಬೇಡಿ ಮತ್ತೆ!). ಇದನ್ನ ಹಂಗೇ ಬಿಟ್ಟು ಓಡಿಸಿದ್ರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗ, ಕೆಳಭಾಗದ ನಡುವಿನ ಸೀಲು) ಹೋಗಿ ಗ್ಯಾರೇಜಿನವ್ರ ಮಾತೇ ನಿಜ ಆಗತ್ತೆ. ಮಾರೋದಾ? ಆರ್‌ಸಿ (ಗಾಡಿ ನೋಂದಣಿ) 15 ವರ್ಷಕ್ಕೆ ಮುಗಿದ್ರೂ ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಪಾಸಾದ್ರೆ ಇನ್ನೈದು ವರ್ಷ ಸಿಗತ್ತೆ, ಬಾಡಿ ತುಕ್ಕು ಹಿಡಿದಿಲ್ಲ ಅಂದ್ರೆ ಇಟ್ಕೊಳ್ಳಿ, ಇದರ ಪಾರ್ಟ್ಸ್‌ಗೇನೂ ಬರ ಇಲ್ಲ.