ಆಪರೇಶನ್ ಬೇಡ ಅಂದರೆ ಕೈಬಿಟ್ಟ ಹಾಗಾ?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮೊದಲು ಮಗ ಒಬ್ಬರೇ ಒಳಗೆ ಬಂದರು. ಬಾಗಿಲು ಮುಂದೆ ಮಾಡಿ, "ಮೇಡಂ, ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ. ಕಫದ ಗಂಟು ಅಂದಿದ್ದೀವಿ" ಅಂದರು.

ಅಮ್ಮನಿಗೆ 67 ವರ್ಷ, ಮಲೆನಾಡಿನವರು. ಬೀಡಿ ಮುಟ್ಟಿದವರಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ಸೌದೆ ಒಲೆ, ಬಚ್ಚಲ ಹಂಡೆ, ಕೊಯ್ಲಿನ ದಿನಗಳಲ್ಲಿ ಅಡಿಕೆ ಬೇಯಿಸುವ ಒಲೆ. ಹತ್ತು ವರ್ಷದಿಂದ ಉಬ್ಬಸ. ಡಾಕ್ಟರ ಚೀಟಿಯಲ್ಲಿ ಅದು ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ. (ಹೊಗೆ ಅಂದರೆ ಬೀಡಿ, ಸಿಗರೇಟು ಅಷ್ಟೇ ಅಂದುಕೊಂಡವರು ಈಗಲೂ ಜಾಸ್ತಿ.) ಕೆಮ್ಮು ಹೆಚ್ಚಾಯಿತೆಂದು ಸಿಟಿ ಸ್ಕ್ಯಾನ್ ಮಾಡಿಸಿದರೆ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 1.9 ಸೆಂ.ಮೀ. ಗಡ್ಡೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಪೆಟ್ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಕಾಣಲಿಲ್ಲ. ಮೊದಲನೇ ಹಂತ.

ಇಂಥ ಗಡ್ಡೆಗೆ ಸಾಮಾನ್ಯವಾಗಿ ಆಪರೇಶನ್ನೇ ಮೊದಲ ಆಯ್ಕೆ. ಆದರೆ ಊದಿಸಿ ನೋಡಿದಾಗ ಅವರ ಎಫ್‌ಇವಿ1 (ಜೋರಾಗಿ ಊದಿದ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) ಇರಬೇಕಾದ್ದರಲ್ಲಿ 38% ಮಾತ್ರ. ಆಮ್ಲಜನಕವನ್ನು ರಕ್ತಕ್ಕೆ ದಾಟಿಸುವ ಶಕ್ತಿ 34%. ಶ್ವಾಸಕೋಶದ ಒಂದು ಹಾಲೆ (ದೊಡ್ಡ ಭಾಗ) ತೆಗೆದರೆ ಈ ಎರಡನೆಯದು 30ಕ್ಕಿಂತ ಕೆಳಗೆ ಹೋಗುತ್ತದೆ. ಚಿಕ್ಕ ತುಂಡಷ್ಟೇ ತೆಗೆಯುವ ಮಾತೂ ಬಂತು. ಅರಿವಳಿಕೆಯನ್ನೇ ಇವರು ತಡೆಯಲ್ಲ ಅಂತ ಕೊನೆಗೆ ಮೂರು ವಿಭಾಗದ ಡಾಕ್ಟರು ಸೇರಿ ಎಸ್‌ಬಿಆರ್‌ಟಿ ಅಂದರು. ಗಡ್ಡೆಯನ್ನೇ ಗುರಿ ಇಟ್ಟು ಕೊಡುವ ಜೋರು ರೇಡಿಯೇಶನ್ ಅದು. ಇವರಿಗೆ ದಿನ ಬಿಟ್ಟು ದಿನ, ಒಟ್ಟು ನಾಲ್ಕು ಸಲ.

"ರೇಡಿಯೇಶನ್ ಅಂದ್ರೆ ಕೊನೇ ಹಂತ ಅಲ್ವಾ? ಇನ್ನೇನೂ ಆಗಲ್ಲ ಅಂತಾನಾ?" ಮಗ ಕೇಳಿದರು. ಅಲ್ಲ. ಇದು ನೋವು ಕಡಿಮೆ ಮಾಡೋಕೆ ಕೊಡುವ ರೇಡಿಯೇಶನ್ ಅಲ್ಲ, ವಾಸಿ ಮಾಡೋಕೆ ಕೊಡುವುದು. ಅಮೆರಿಕದಲ್ಲಿ ಆಪರೇಶನ್ ಆಗದ 55 ಜನರಿಗೆ ಹೀಗೆ ಕೊಟ್ಟು, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷದ ಲೆಕ್ಕದಲ್ಲಿ ಸುಮಾರು 98% ಮಂದಿಗೆ ಆ ಗಡ್ಡೆ ಮತ್ತೆ ಬೆಳೆದಿರಲಿಲ್ಲ. ಆದರೆ ಬದುಕಿದ್ದವರು ಸುಮಾರು 56%. ಕೆಲವರಿಗೆ ಕ್ಯಾನ್ಸರ್ ಬೇರೆ ಕಡೆ ಕಾಣಿಸಿತು. ಕ್ಯಾನ್ಸರ್ ಅಲ್ಲದ ಕಾರಣಕ್ಕೆ ತೀರಿಕೊಂಡವರೂ ಇದ್ದರು. ಈ ಎರಡನೇ ಅಂಕಿ ಹೇಳಲೋ ಬೇಡವೋ ಅಂತ ಯೋಚಿಸಿ, ಹೇಳಿಯೇ ಬಿಟ್ಟೆ. ಗಡ್ಡೆ ಹೋಯಿತು ಅಂತ ಉಬ್ಬಸ ಮರೆತರೆ ಆಗಲ್ಲವಲ್ಲ.

ಇಷ್ಟರಲ್ಲಿ ನನ್ನದೂ ಒಂದು ತಪ್ಪಾಗಿತ್ತು. ಅರ್ಧ ಗಂಟೆ ಅಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿಬಿಟ್ಟಿದ್ದೆ. ಅವರು ಒಳಗೆ ಬಂದವರೇ, "ಇಷ್ಟ್ ಹೊತ್ತು ಮಾತಾಡೋ ಗಂಟಾ ಅದು?" ಅಂದರು. ಮಗ ತಲೆ ತಗ್ಗಿಸಿದರು. ನಿಮಗೆ ಎಷ್ಟು ಗೊತ್ತಾಗಬೇಕಮ್ಮಾ ಅಂತ ಕೇಳಿದೆ. "ಎಲ್ಲಾ" ಅಂದರು. ಹೇಳಿದೆ. ಅವರು ಅಳಲಿಲ್ಲ. ಕೇಳಿದ್ದು ಒಂದೇ: "ಆಮೇಲೆ ನನ್ನಷ್ಟಕ್ಕೆ ನಾನು ಬಚ್ಚಲಿಗೆ ಹೋಗ್ಬಹುದಾ?" ಆಪರೇಶನ್ ಬೇಡ ಅಂದ ಕಾರಣವೇ ಅದು ಅಂದೆ.

ಇನ್ಹೇಲರ್ ತಂದಿದ್ದೀರಾ, ತೋರಿಸಿ ಅಂದೆ. ಅಲ್ಲಾಡಿಸಲಿಲ್ಲ. ಒತ್ತಿದ ಮೇಲೆ ಎಳೆದರು. ಮದ್ದೆಲ್ಲ ನಾಲಿಗೆ ಮೇಲೆ. ಸ್ಪೇಸರ್ (ಇನ್ಹೇಲರ್‌ಗೆ ಸಿಕ್ಕಿಸುವ ಕೊಳವೆ) ಹಾಕಿ, ನಿಧಾನ ಎಳೆದು, ಹತ್ತು ಎಣಿಸುವಷ್ಟು ಉಸಿರು ಹಿಡಿಯೋದನ್ನು ನಾಲ್ಕು ಸಲ ಮಾಡಿಸಿದೆ. ಫಿಸಿಯೋ ಹೇಳಿಕೊಟ್ಟ ಉಸಿರಾಟ, ನಡಿಗೆ ಬಿಡಬೇಡಿ ಅಂದೆ. ರೇಡಿಯೇಶನ್ ಮುಗಿದ ಆರು ವಾರದಿಂದ ಆರು ತಿಂಗಳ ಒಳಗೆ ಒಣ ಕೆಮ್ಮು, ಜ್ವರ, ದಮ್ಮು ಹೆಚ್ಚಾದರೆ ಸುಮ್ನೆ ಶೀತ ಅಂತ ಕೂರದೆ ಫೋನ್ ಮಾಡಿ ಅಂತ ಮಗನಿಗೆ ಬರೆದುಕೊಟ್ಟೆ. ಸ್ಕ್ಯಾನ್‌ನಲ್ಲಿ ಕಲೆ ಕಂಡರೂ ಗಾಬರಿ ಬೇಡ, ರೇಡಿಯೇಶನ್‌ನ ಗಾಯವೂ ಹಾಗೇ ಕಾಣುತ್ತೆ, ಡಾಕ್ಟರು ಹಳೇ ಸ್ಕ್ಯಾನ್ ಜೊತೆ ಇಟ್ಟು ನೋಡುತ್ತಾರೆ ಅಂದೆ. ಇನ್ನೊಂದು ಮಾತು ಸೊಸೆಗೂ ಸೇರಿಸಿ ಹೇಳಿದ್ದು: ಹಂಡೆಗೆ ಉರಿ ಹಾಕೋ ಕೆಲಸ ಇನ್ನು ಅಮ್ಮನದಲ್ಲ.

ಮೂರು ತಿಂಗಳ ಸ್ಕ್ಯಾನ್‌ಗೆ ಬಂದಾಗ ಗಡ್ಡೆ ಕುಗ್ಗಿತ್ತು. ಅಮ್ಮ ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಮಗ ಗೀಸರ್ ಹಾಕಿಸಿದ್ದಾನಂತೆ. "ನೀರು ಕಾಯುತ್ತೆ ಮೇಡಂ, ಆದ್ರೆ ಹಂಡೆ ನೀರಿನ ಹಾಗೆ ಮೈ ಹಗುರ ಆಗಲ್ಲ" ಅಂತ ಬೈದುಕೊಂಡೇ ಎದ್ದರು.